ನನಗಿನ್ನು ಪಾಸ್ ಕೊಡಬೇಡ

ಪ್ರೀತಿಯ ಮರಿ,

ನೀನು ಫಿಸಿಯೋ ಹತ್ತಿರ ತೊಡೆ ತಿಕ್ಕಿಸಿಕೊಂಡು ರೂಮಿಗೆ ಬರುವಷ್ಟರಲ್ಲಿ ನನ್ನ ಮಂಚ ಖಾಲಿಯಾಗಿರುತ್ತದೆ. ಗಾಬರಿಯಾಗಬೇಡ, ಸತ್ತಿಲ್ಲ; ಮನೆಗೆ ಹೋಗಿದ್ದೇನೆ, ಅಷ್ಟೆ. ನಾಳೆಯ ಮ್ಯಾಚಿಗೆ ನನ್ನನ್ನು ಬಿಟ್ಟುಬಿಡಿ ಎಂದು ಕೋಚ್‌ಗೆ ಹೇಳಿದ್ದೇನೆ. ಎದುರಿಗೆ ಹೇಳಿದರೆ ನೀನು "ಅಯ್ಯೋ ಅಣ್ಣ, ಯಾಕಣ್ಣ, ಬೇಡ ಅಣ್ಣ" ಎಂದು ಉಸಿರಿಗೊಂದು ಅಣ್ಣ ಹಾಕಿ ನನ್ನ ಬಾಯಿ ಕಟ್ಟುತ್ತೀಯ. ಕಾಗದಕ್ಕೆ ನೀನು ಎದುರುತ್ತರ ಕೊಡಲಾರೆ. ಕೂತು ಓದು.

ಊರಲ್ಲೇ ಮ್ಯಾಚ್ ಇದ್ದರೂ ಹಿಂದಿನ ದಿನ ನಮ್ಮನ್ನು ಹೋಟೆಲಿನಲ್ಲಿ ಕೂಡಿಹಾಕುವುದು, ಒಬ್ಬ ಹಳಬನ ರೂಮಿಗೆ ಒಬ್ಬ ಹೊಸಬನನ್ನು ತಳ್ಳುವುದು ನಮ್ಮ ಕ್ಲಬ್ಬಿನ ಪದ್ಧತಿ. ಈ ಸೀಸನ್ನಿನ ಮೊದಲ ದಿನ ನೀನು ಬ್ಯಾಗನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತು, "ಅಣ್ಣ, ನಾನು ಯಾವ ಮಂಚದಲ್ಲಿ ಮಲಗ್ಲಿ?" ಎಂದು ಕೇಳಿದೆ. ಇದ್ದದ್ದೇ ಎರಡು ಮಂಚ, ಒಂದರ ಮೇಲೆ ನಾನು ಬಿದ್ದುಕೊಂಡಿದ್ದೆ. ಇಂಥವನು ಮೈದಾನದ ನಡುವೆ ನಿಂತು ಉಳಿದವರಿಗೆ ದಾರಿ ತೋರಿಸುತ್ತಾನಾ ಎಂದು ಒಳಗೊಳಗೇ ನಕ್ಕಿದ್ದೆ.

ಮರುವಾರ ಪ್ರಾಕ್ಟೀಸಿನಲ್ಲಿ ನೀನು ನನ್ನ ಕಾಲಿಂದ ಚೆಂಡನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದೆ. ನಾನು ಮಕಾಡೆ ಬಿದ್ದೆ. ತೆಗೆದವನು ಓಡಬೇಕೋ ಬೇಡವೋ? ಚೆಂಡನ್ನು ಅಲ್ಲೇ ಬಿಟ್ಟು ವಾಪಸ್ ಬಂದು, "ಸಾರಿ ಅಣ್ಣ, ಪೆಟ್ಟಾಯ್ತಾ?" ಎಂದು ಎಬ್ಬಿಸಿದೆ. ಗೋಲ್‌ಕೀಪರ್ ಆ ತುದಿಯಿಂದ ಕೂಗಿದ: "ಲೇ ಮರಿ, ಕಾಲು ಹಾಕು ಅಂದ್ರೆ ಕಾಲಿಗೆ ಬೀಳ್ತೀಯಲ್ಲೋ." ಅವತ್ತಿನಿಂದ ನೀನು ಎಲ್ಲರಿಗೂ ಮರಿ. ನಾನು ಮೊದಲಿಂದಲೂ ಮೇಷ್ಟ್ರು. ಡ್ರೆಸ್ಸಿಂಗ್ ರೂಮಿನಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ, ಪಾಸ್ ಮಾಡುವುದು ನನಗೆ ಎರಡು ಕಡೆಯೂ ಬರುತ್ತದೆ ಎಂದು ಜಂಬ ಕೊಚ್ಚಿಕೊಂಡು ತಿರುಗಿದವನು. ಈಗ ಮಧ್ಯವಯಸ್ಸಿನ ಮಧ್ಯ ಆಟಗಾರ.

ಈಚೆಗೆ ಒಂದು ತಿಂಗಳು ನನಗೆ ಪ್ರಾಯ ಮರಳಿತ್ತು. ಎಲ್ಲಿ ನಿಂತರೂ ಚೆಂಡು ನನ್ನನ್ನು ಹುಡುಕಿಕೊಂಡು ಬರುತ್ತಿತ್ತು, ಅದೂ ಸೀದಾ ಪಾದಕ್ಕೆ, ಬಡಿಸಿದಷ್ಟು ಮೆತ್ತಗೆ. ಅದನ್ನು ಪಕ್ಕದವನಿಗೆ ತಳ್ಳಿದರೆ ಸಾಕು, ಮೇಷ್ಟ್ರು ಇವತ್ತೂ ತಪ್ಪಿಲ್ಲ ಎಂದು ಶಹಬ್ಬಾಸ್‌ಗಿರಿ. ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವಷ್ಟು ಖುಷಿಯಾಗಿದ್ದೆ. ಹೆಂಡತಿ ಕೇಳಿಯೂಬಿಟ್ಟಳು: "ಏನ್ರೀ, ಯಾವ ಎಣ್ಣೆ ಹಚ್ಕೋತಿದ್ದೀರಿ?"

ಮೊನ್ನೆ ಕೋಚ್ ತಮ್ಮ ರೂಮಿಗೆ ಕರೆದು ಕಳೆದ ಮ್ಯಾಚಿನ ವಿಡಿಯೋ ಹಾಕಿದರು. ಚೆಂಡು ನಿನ್ನ ಕಾಲಲ್ಲಿ. ಮುಂದೆ ನಮ್ಮ ಸ್ಟ್ರೈಕರ್ ಒಬ್ಬನೇ, ಹೊರಟ ಬಸ್ಸನ್ನು ನಿಲ್ಲಿಸುವವನ ಹಾಗೆ ಕೈ ಎತ್ತಿ ಓಡುತ್ತಿದ್ದಾನೆ. ನೀನು ಅವನನ್ನು ನೋಡಿದೆ, ಖಂಡಿತ ನೋಡಿದೆ. ಆಮೇಲೆ ಹಿಂದಕ್ಕೆ ತಿರುಗಿ ನನಗೆ ಕೊಟ್ಟೆ. "ಹುಡುಗನಿಗೆ ಕಾಲಿದೆ, ಧೈರ್ಯ ಇಲ್ಲ. ಮುಂದಿನ ಮ್ಯಾಚಲ್ಲೂ ಹೀಗೇ ಆಡಿದ್ರೆ ಎರಡನೇ ಟೀಮಿಗೆ ಕಳಿಸಿಬಿಡ್ತೀನಿ," ಎಂದರು ಕೋಚ್.

ಧೈರ್ಯವಿಲ್ಲದವನು ನೀನು? ನಾನು ಮೀನಖಂಡ ಹಿಡಿದುಕೊಂಡು ಹೊರಗೆ ಕೂತಿದ್ದ ಮ್ಯಾಚಿನಲ್ಲಿ ಅಷ್ಟು ಜನರ ನಡುವಿಂದ ಚೆಂಡನ್ನು ಸೀಳಿ ಕಳಿಸಿದವನು ಮತ್ಯಾರು? ಅನುಮಾನ ಬಂದು ಗೋಲ್‌ಕೀಪರನನ್ನು ತಡೆದು ಕೇಳಿದೆ. ಆ ಮಹಾನುಭಾವ ಚೆಂಡು ಹಿಡಿಯುತ್ತಾನೆಯೇ ಹೊರತು ಬಾಯಿ ಹಿಡಿಯುವುದಿಲ್ಲ. "ನಿಮ್ಮ ಕಾಂಟ್ರ್ಯಾಕ್ಟ್ ಮುಂದುವರಿಸೋದು ಡೌಟು ಅಂತ ಹೋದ ತಿಂಗಳು ಮರಿಗೆ ನಾನೇ ಹೇಳ್ದೆ ಮೇಷ್ಟ್ರೇ. ಪಾಪ, ಅಳೋ ಹಾಗಾಗ್ಬಿಟ್ಟ," ಎಂದ.

ಆಗ ಗೊತ್ತಾಯಿತು, ನನಗೆ ಮರಳಿದ್ದು ಪ್ರಾಯವಲ್ಲ. ನೀನು ನಿನ್ನ ಪಾಲಿನ ಆಟವನ್ನು ನನ್ನ ತಟ್ಟೆಗೆ ಹಾಕುತ್ತಿದ್ದೆ. ಕಾರಿಡಾರಿನಲ್ಲಿ ನಿಂತು ನಗು ಬಂತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಇಷ್ಟು ವರ್ಷ ಆಡಿದ್ದೇನೆ ಮರಿ. ನನ್ನಿಂದ ಒದೆ ತಿಂದವರಿದ್ದಾರೆ, ನನಗಾಗಿ ಒದೆ ತಿಂದವರೂ ಇದ್ದಾರೆ. ನನಗಾಗಿ ಆಟ ಕೆಡಿಸಿಕೊಂಡವರು ಯಾರೂ ಇರಲಿಲ್ಲ.

ಕೋಚ್‌ಗೆ ನಿನ್ನ ಗುಟ್ಟು ಹೇಳಿಲ್ಲ. "ನಾಳೆ ನಾನು ಬೇಡ, ಅವನ ಪಕ್ಕಕ್ಕೆ ಬೇರೆಯವರನ್ನು ಹಾಕಿ ನೋಡಿ" ಎಂದಷ್ಟೇ ಹೇಳಿದೆ. ಅವರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತರು. "ಸೀಸನ್ ಕೊನೆಗೆ ಇದು ನಿಮಗೆ ಒಳ್ಳೇದಾಗಲ್ಲ," ಎಂದರು. ನನಗೂ ಗೊತ್ತು. ತ್ಯಾಗಮೂರ್ತಿಯ ಹಾಗೆ ಹೋದರೆ ಹೋಗಲಿ ಎನ್ನಲಾರೆ. ಆದರೆ ನನ್ನ ಆಟವನ್ನು ನೀನು ಉಳಿಸಲಾರೆ. ನಿನ್ನದನ್ನು ಕೆಡಿಸಿಕೊಳ್ಳಬಲ್ಲೆ, ಅಷ್ಟೆ.

ನಾಳೆ ಚೆಂಡು ಬಂದ ಕೂಡಲೇ ನಿನ್ನ ಕುತ್ತಿಗೆ ಎಡಕ್ಕೆ ತಿರುಗುತ್ತದೆ, ನಾನು ನಿಲ್ಲುವ ಕಡೆಗೆ. ಅಲ್ಲಿ ನಿಂತವನಿಗೆ ನಿನ್ನ ಮರ್ಯಾದೆ ಬೇಕಿಲ್ಲ. ಮುಂದೆ ನೋಡು. ಒಂದೆರಡು ಪಾಸು ತಪ್ಪಿದರೆ ಜನ ಬೈಯುತ್ತಾರೆ. ಬೈಯಲಿ, ಟಿಕೆಟ್ಟಿನಲ್ಲಿ ಅದೂ ಸೇರಿದೆ. ಮುಂದಿನದನ್ನೂ ಮುಂದಕ್ಕೇ ಕೊಡು.

ನಾನು ಮಗಳ ಜೊತೆ ಗ್ಯಾಲರಿಯಲ್ಲಿ ಕೂತಿರುತ್ತೇನೆ. ಇಷ್ಟು ದಿನ ಮೈದಾನದಲ್ಲಿ ಅವಳು ನೋಡುತ್ತಿದ್ದದ್ದು ನನ್ನೊಬ್ಬನನ್ನೇ. ನಾಳೆ ಅಪ್ಪ ಆಡುವುದಿಲ್ಲ ಎಂದು ಫೋನಿನಲ್ಲಿ ಹೇಳಿದರೆ, "ಹಾಗಾದ್ರೆ ನಾನು ಯಾರನ್ನ ನೋಡ್ಲಿ?" ಎಂದು ಕೇಳಿದಳು. "ಚೆಂಡು ಸಿಕ್ಕಿದ ಕೂಡ್ಲೇ ಮುಂದಕ್ಕೆ ಕೊಡೋನು ಒಬ್ಬ ಇರ್ತಾನೆ, ಅವನನ್ನ ನೋಡು. ನಂಬರ್ ಹೇಳಲ್ಲ, ನೀನೇ ಕಂಡುಹಿಡಿ," ಎಂದಿದ್ದೇನೆ.

ಅವಳನ್ನು ತುಂಬ ಹುಡುಕಿಸಬೇಡ.

ನಿನ್ನ ಮೊಣಕಾಲುಗಳು ನಿನ್ನ ಆಸೆಗಳಷ್ಟೇ ಗಟ್ಟಿಯಾಗಿ ಬಾಳಲಿ ಎಂದು ಹರಸುವ,

ನಿನ್ನ ಮೇಷ್ಟ್ರು