ಭರ್ತಿ ಮಾಡಿ ಕಳುಹಿಸಿ

ಕೊಪ್ಪ
೧೪-೯-೧೯೮೪

ಮುದ್ದಿನ ಮಗಳು ಮೆಹರ್ ಬಾನುವಿಗೆ ನಿನ್ನ ಅಮ್ಮಿಯ ಸಲಾಮು, ಸಾವಿರ ದುವಾ.

ನಿನ್ನ ಕಾಗದ ಸೋಮವಾರ ಬಂತು. ನರಸಿಂಹರಾಜಪುರದಲ್ಲಿ ಟೀಚರ್ ಆದ ಮೇಲೆ ನಿನ್ನ ಅಕ್ಷರ ಇನ್ನೂ ದುಂಡಗಾಗಿದೆ. ತಂದುಕೊಟ್ಟ ಪೋಸ್ಟ್‌ಮ್ಯಾನ್‌ಗೂ ತೋರಿಸಿದೆ. ಆದರೆ ಮೆಚ್ಚಿದ್ದು ಅಕ್ಷರವನ್ನೇ ಹೊರತು ಬರೆದದ್ದನ್ನಲ್ಲ. ಮದುವೆಯಾಗಿ ಆರೇ ತಿಂಗಳು, ಎರಡು ವರ್ಷ ಮಗು ಬೇಡವೆಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ, ಇಲ್ಲಿ ಸರ್ಕಾರಿ ಆಸ್ಪತ್ರೆಯೂ ಇದೆ, ಹೆರಿಗೆ ಚೀಟಿಯನ್ನು ಈ ವರ್ಷ ನಿಲ್ಲಿಸಿಬಿಡು ಎಂದು ಬರೆದಿದ್ದೀಯ. ಮಳೆ ನಿಂತಿತೆಂದು ಛತ್ರಿ ಬಿಸಾಡುವವಳಲ್ಲ ನಾನು. ಛತ್ರಿ ರಿಪೇರಿಯವರ ಹೆಂಡತಿ.

ನಿನಗೆ ಚೀಟಿಯ ನಿಯಮ ಮರೆತಂತಿದೆ. ಗುಡ್ಡದ ಮೇಲಿನ ಆಸ್ಪತ್ರೆಯ ಮಾಮೂಲಿ ಕಾರ್ಡು ಜ್ವರ, ಗಾಯಗಳಿಗೆ. ಹೆರಿಗೆಗೆ ಅದರ ಮೇಲೆ ವರ್ಷ ವರ್ಷ ದುಡ್ಡು ಕಟ್ಟುವ ಹಳದಿ ಚೀಟಿ ಬೇಕು, ಅದಿದ್ದರೆ ಮುಂಗಡ ಕೇಳುವುದಿಲ್ಲ. ಮನೆಯ ಹೆಂಗಸರಿಗೆಲ್ಲ ಅದು ನಡೆಯುತ್ತದೆ, ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಮಗಳಿಗೂ ಸೇರಿ. ಒಂದು ವರ್ಷ ತಪ್ಪಿಸಿದರೆ ಹಿಂದಿನದೆಲ್ಲ ನೀರಿನಲ್ಲಿ ಹೋಮ, ಹೊಸದಾಗಿ ಮಾಡಿಸಿ ಎರಡು ವರ್ಷ ಕಾಯಬೇಕು. ನೀವಿಬ್ಬರೂ ನಿಶ್ಚಯಿಸಿದ್ದು ಹುಟ್ಟುವ ಮಗುವಿಗೂ ಗೊತ್ತಿರುತ್ತದೆಯೇ?

ಇಷ್ಟು ದಿನ ಹೇಳದ ಒಂದು ವಿಷಯ ಈಗ ಹೇಳುತ್ತೇನೆ. ನೀನು ಹುಟ್ಟುವಾಗ ನನಗೆ ಹದಿನೆಂಟು. ಎರಡು ದಿನ ನೋವು ತಿಂದ ಮೇಲೆ ಬೇರೆ ಊರಿನ ಒಂದು ಆಸ್ಪತ್ರೆಗೆ ಕರೆದೊಯ್ದರು. ಮುಂಗಡ ಕಟ್ಟದೆ ಒಳಗೆ ಬಿಡುವುದಿಲ್ಲವೆಂದರು ಅಲ್ಲಿ. ನಾನು ಹೊರಗಿನ ಬೆಂಚಿನ ಮೇಲೆ ಮಲಗಿದ್ದೆ. ನಿನ್ನ ಅಬ್ಬ ಕಿಟಕಿಯ ಮುಂದೆ ಕೈ ಮುಗಿದುಕೊಂಡು ನಿಂತಿದ್ದರು. ಯಾರ ಮುಂದೆಯೂ ತಗ್ಗಿದವರಲ್ಲ ಅವರು. ನೀನು ಅತ್ತ ಕೂಡಲೇ ನನ್ನ ನೋವು ಮರೆತುಹೋಯಿತು, ಆ ಮುಗಿದ ಕೈಗಳನ್ನು ಮಾತ್ರ ಇವತ್ತಿಗೂ ಮರೆತಿಲ್ಲ. ಅದಕ್ಕೇ ಈ ಚೀಟಿಯ ಸುದ್ದಿ ತಿಳಿದ ದಿನವೇ ರವಿಕೆ ಹೊಲಿದ ನನ್ನ ದುಡ್ಡಿನಿಂದ ಮಾಡಿಸಿದೆ. ಪಕ್ಕದ ಮನೆಯ ರಹೀಮುನ್ನೀಸಾ, ಮಗಳಿಗೆ ನೆಟ್ಟಗೆ ಜಡೆ ಹಾಕಿಕೊಳ್ಳಲು ಬರುವುದಿಲ್ಲ, ಆಗಲೇ ಬಾಣಂತನವಾ ಎಂದು ನಕ್ಕಳು. ನಗಲಿ. ಆರು ವರ್ಷ ಒಂದು ಸಲವೂ ತಪ್ಪಿಸಿಲ್ಲ.

ಹೋದ ವಾರ ಚೀಟಿ ಮುಂದುವರಿಸುವ ಹಾಳೆ ಬಂತು. ನಾನು ಪಿತ್ತ ಕೆರಳಿ ಮಲಗಿದ್ದೆ. ಚೀಟಿದಾರರು ತಪ್ಪದೆ ಭರ್ತಿ ಮಾಡಿ ಕಳುಹಿಸಬೇಕು ಎಂಬ ಸಾಲನ್ನು ಅಬ್ಬ ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡರು. ನಮ್ಮ ಮನೆಮಾತಿನಲ್ಲಿ ಭರ್ತಿ ಎಂದರೆ ಆಸ್ಪತ್ರೆಗೆ ಸೇರಿಸುವುದು. ಕನ್ನಡ ಕಾಗದದಲ್ಲಿ ಅದು ಹಾಳೆ ತುಂಬುವುದು ಎಂದು ನಿನ್ನ ಶಾಲೆಯ ಪುಸ್ತಕ ಓದಿ ಕನ್ನಡ ಕಲಿತ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ನನ್ನ ಪಿತ್ತದ ಸುದ್ದಿ ಡಾಕ್ಟರಿಗೆ ಹೇಗೋ ಮುಟ್ಟಿದೆ ಎಂದೇ ತಿಳಿದರು. ಅಂಗಡಿಗೆ ಬೀಗ ಜಡಿದು, ಅಹ್ಮದನ ಬಾಡಿಗೆ ಜೀಪು ಕರೆಸಿ, ಹಾಸಿಗೆ, ಫ್ಲಾಸ್ಕು, ಚೊಂಬು ಸಮೇತ ನನ್ನನ್ನು ಹತ್ತಿಸಿದರು. ಹಾಳೆ ಕೊಡಿ ಎಂದರೆ, ಓದಿ ನಾನು ಹೆದರುತ್ತೇನೆಂದು ಜೇಬು ಬಿಗಿಯಾಗಿ ಹಿಡಿದು ಕೂತಿದ್ದರು.

ನರ್ಸ್ ಯಮುನಮ್ಮ ಹಾಳೆ ನೋಡಿ, ಎಂತ ಸಾಹೇಬ್ರೇ, ಭರ್ತಿ ಮಾಡೋದು ಹಾಳೆಯನ್ನ, ಹೆಂಡ್ತಿಯನ್ನಲ್ಲ ಮಾರಾಯ್ರೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಬ್ಬನ ಮುಖ ನೀನು ನೋಡಬೇಕಿತ್ತು. ಆದರೆ ಕೇಳು, ಗುಮಾಸ್ತರು ಹಳದಿ ಚೀಟಿ ಕಂಡದ್ದೇ ಕುರ್ಚಿ ಎಳೆದು, ಕೂತ್ಕೊಳ್ಳಿ ತಾಹೇರಾ ಅವರೇ ಎಂದರು. ಅಬ್ಬನಿಗೂ ಒಂದು ಕುರ್ಚಿ ಹಾಕಿದರು. ಇಪ್ಪತ್ತೊಂದು ವರ್ಷದ ಮೇಲೆ ಆಸ್ಪತ್ರೆಯ ಕಿಟಕಿಯ ಮುಂದೆ ಅವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು ಮಗಳೇ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು, ಪಿತ್ತ ಅಂತ ಹೇಳಿ ಒರೆಸಿಕೊಂಡೆ. ಹೇಗೂ ಬಂದಿದ್ದೀರಲ್ಲ ಎಂದು ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಪರೀಕ್ಷೆ ಮಾಡಿದರು. ಪಿತ್ತಕ್ಕೆ ಔಷಧಿ ಬೇಡವೆಂದರು. ಆಮೇಲೆ ಹಾಳೆಯನ್ನು ನಾನೇ ತುಂಬಿದೆ, ಒಂದು ಕಾಗುಣಿತ ತಪ್ಪಿಲ್ಲದೆ.

ಆದ್ದರಿಂದ ಚೀಟಿ ನಿಲ್ಲಿಸುವ ಮಾತು ಇಲ್ಲಿಗೆ ಮುಗಿಯಿತು. ಮಗು ಯಾವಾಗ ಬೇಕೆಂಬುದು ನಿಮ್ಮಿಬ್ಬರಿಗೆ ಬಿಟ್ಟದ್ದು. ಅದನ್ನು ಅಮ್ಮಿಗೆ ಹೀಗೆ ಬಿಚ್ಚಿ ಬರೆಯುವ ಮಗಳನ್ನು ಬೆಳೆಸಿದೆನಲ್ಲ ಎಂದು ಅದಕ್ಕೂ ನನಗೆ ಹೆಮ್ಮೆಯೇ. ಅಳಿಯ ಕಮಾಲುದ್ದೀನ್‌ಗೆ ಸಲಾಮು ತಿಳಿಸು.

ನಿನ್ನ ಅಮ್ಮಿ,
ತಾಹೇರಾ

ತಾ.ಕ.: ಹಾಳೆಯಲ್ಲಿ ‘ಈ ವರ್ಷ ಹೆರಿಗೆಯಾಗಲಿರುವವರ ಹೆಸರು’ ಎಂದು ಒಂದು ಸಾಲು ಇರುತ್ತದೆ. ಪ್ರತಿ ವರ್ಷ ಅಲ್ಲಿ ಗೆರೆ ಎಳೆಯುತ್ತಿದ್ದೆ. ಈ ಸಲ ತಾಹೇರಾ, ವಯಸ್ಸು ಮೂವತ್ತೊಂಬತ್ತು ಎಂದು ಬರೆದೆ. ಅಬ್ಬ ಪೇಟೆಯಲ್ಲಿ ತಲೆ ತಗ್ಗಿಸಿ ಓಡಾಡುತ್ತಿದ್ದಾರೆ, ನಾನು ಎತ್ತಿಕೊಂಡೇ. ಏಪ್ರಿಲ್ ಎಂದಿದ್ದಾರೆ ಡಾಕ್ಟರಮ್ಮ. ಹೇಗೂ ನಿನ್ನ ಶಾಲೆಗೆ ರಜೆ, ನನ್ನ ಬಾಣಂತನಕ್ಕೆ ಬಾ.