ನೆಲಹಿಪ್ಪಲಿಯನ್ನು ಕೀಳುವ ಮುನ್ನ

ರಾಯಚೂರು, ಕ್ರಿ.ಶ. ೨೧೯೧, ಹದಿಮೂರನೆಯ ತಿಂಗಳ ಎರಡನೆಯ ದಿನ

ಹಿಂದಿನ ಕಾಲದವರಾದ ನಿಮಗೆ ಸುಗಲಾ ಬಡಿಗೇರಳ ನಮಸ್ಕಾರ. ಹದಿಮೂರನೆಯ ತಿಂಗಳು ಎಂದರೆ ನಗಬೇಡಿ. ಬೇಸಿಗೆ ಉದ್ದವಾದಾಗ ನಮ್ಮ ಹಿರಿಯರು ಸೇರಿಸಿಕೊಂಡ ಉರಿಮಾಸವದು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮಲ್ಲಿ ಕೆಂಗಾಳಿ ಬೀಸುತ್ತದೆ. ಬೋಳು ನೆಲದ ಮಣ್ಣನ್ನೆಲ್ಲ ಹೊತ್ತು ತರುವ ಗಾಳಿ. ನನ್ನ ಮಗಳು ಇಂಚರಾ ಇನ್ನೂ ಚಿಕ್ಕವಳು, ಅವಳಿಗೆ ಉಸಿರಿನ ತೊಂದರೆ. ಮಣ್ಣು ಏಳದಿರಲೆಂದು ಅವಳಿಗಾಗಿಯೇ ಮನೆಯ ಸುತ್ತ ನೆಲಹಿಪ್ಪಲಿ ನೆಟ್ಟೆ. ನೆಲಕ್ಕಂಟಿಕೊಂಡು, ಗೆಣ್ಣುಗೆಣ್ಣಿಗೂ ಬೇರಿಳಿಸಿ ಹರಡುವ ಬಳ್ಳಿ. ಕಡಲೆಕಾಳಿನಷ್ಟೇ ಪುಟ್ಟ ಬಿಳಿ, ನೇರಳೆ ಹೂಗೊಂಚಲು. ಬೇರೂರುವವರೆಗೆ ಪಾತ್ರೆ ತೊಳೆದ ನೀರು ಕೊಟ್ಟೆ. ಆಮೇಲೆ ಅದೂ ಬೇಕಾಗಲಿಲ್ಲ. ಹೂವಿಗೆ ಜೇನ್ನೊಣ ಬರುವುದರಿಂದ ಇಂಚರಾ ಚಪ್ಪಲಿ ಹಾಕಿಕೊಂಡೇ ಅದರ ಮೇಲೆ ಆಡುತ್ತಿದ್ದಳು.

ಹೋದ ವರ್ಷದ ಉರಿಮಾಸದಲ್ಲಿ ಬಳ್ಳಿ ಕಂದುಬಣ್ಣಕ್ಕೆ ತಿರುಗಿ ಮುದುಡಿತು. ನನ್ನ ಗಂಡ ಶಂಭುಲಿಂಗ ತಂಪುಹಾಸು ತಂದ. ಅದು ಬಿಸಿಲು, ದೂಳು ತಡೆಯಲು ನೆಲಕ್ಕೆ ಹೊದಿಸುವ ಬಿಳಿ ಹಾಳೆ.

"ಸತ್ತೈತಿ ಅದು. ಕಿತ್ತಿ ಒಗಿ," ಎಂದ.

"ಬೇರು ಇನ್ನಾ ಹಸಿ ಐತಿ. ಒಂದು ಮಳಿ ಆಗಲಿ, ತಡಿ."

"ಮಳಿ ಯಾವಾಗ ಬರ್ತೈತಿ? ಕೂಸಿನ ಎದಿ ಅಲ್ಲೀತನ ತಡೀತೈತೇನು?"

 ಮನೆಯ ಹಿಂಬದಿಯದಾದರೂ ಇರಲಿ ಎಂದು ಹಟ ಹಿಡಿದೆ. ಮುಂಬದಿಯದನ್ನು ಇಬ್ಬರೂ ಕೂಡಿ ಕಿತ್ತು ಹಾಳೆ ಹಾಸಿದೆವು.

ವಾರದೊಳಗೆ ಕೆಂಗಾಳಿ ಬಂತು. ಹಾಳೆ ಹರಿದು ಹಾರಿತು. ನಾವೇ ಸಡಿಲಿಸಿದ ಮಣ್ಣು ಕಿಟಕಿಯ ಸಂದಿಯಿಂದ ನುಗ್ಗಿ ಹಾಸಿಗೆಯ ಮೇಲೆಲ್ಲ ಸುರಿಯಿತು. ಇಂಚರಾಳ ತುಟಿ ನೀಲಿಯಾಗಿತ್ತು. ಎತ್ತಿಕೊಂಡು ಹಿಂದಿನ ಕೋಣೆಗೆ ಓಡಿದೆವು. ಆ ಕಿಟಕಿಯಾಚೆ ಒಣಗಿದ ಬಳ್ಳಿ ಮಣ್ಣನ್ನು ಬಿಗಿಹಿಡಿದಿತ್ತು. ಅವಳ ಮೂಗಿಗೆ ಒದ್ದೆ ಬಟ್ಟೆ ಹಿಡಿದು, ಗಾಳಿ ನಿಲ್ಲುವವರೆಗೆ ಅವಳ ಎದೆಯ ಏರಿಳಿತವನ್ನೇ ನೋಡುತ್ತ ಕೂತೆವು. ಬದುಕಿದಳು.

ಮಳೆ ಬಿದ್ದು ಹಿಂಬದಿ ಹಸಿರಾದಾಗ ಶಂಭುಲಿಂಗ ಮಂಡಿಯೂರಿ, ಬಳ್ಳಿಯ ತುಂಡು ಕತ್ತರಿಸಿ ಮುಂದಿನಂಗಳದಲ್ಲಿ ನೆಡತೊಡಗಿದ. ಆದರೆ ಅದು ಇನ್ನೂ ಅಂಗಳ ಮುಚ್ಚಿಲ್ಲ. ಉರಿಮಾಸ ಮತ್ತೆ ಬಂದಿದೆ.

ನಿಮ್ಮ ಕಾಲದಲ್ಲಿ ಅದು ಕಾಲುವೆ ಬದಿಯ ಕಳೆ. ಸಿಮೆಂಟು ಹಾಕಲೆಂದು ಕೀಳುವಾಗ ಒಂದಿಷ್ಟು ಬಿಡಿ. ಕಂದಾದರೆ ಸತ್ತಿತೆಂದು ತಿಳಿಯಬೇಡಿ. ಬೇರು ಮುಟ್ಟಿ ನೋಡಿ. ಈ ಊರಿಗೆ ಉಳಿದು ಬಂದದ್ದು ನಿಮ್ಮ ಕಾಲದವರು ಯಾರೋ ಹಿತ್ತಿಲಲ್ಲಿ ಕೀಳದೆ ಬಿಟ್ಟ ಒಂದೇ ಬಳ್ಳಿ.

ಗಾಳಿ ಎದ್ದು ಬೇಲಿಯ ತಗಡು ಅಲುಗುತ್ತಿದೆ. ಇಂಚರಾ ಮುಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಅವಳನ್ನೆತ್ತಿಕೊಂಡು ಹಿಂದಿನ ಕೋಣೆಗೆ ಹೋಗಬೇಕು.