ಕಿಟಕಿಯಿಲ್ಲದ ಪಶ್ಚಿಮದ ಗೋಡೆ

ನಮ್ಮ ಮಗಳು ನಿಷತಳ ಅಬ್ಬಾ, ಸಲಾಂ. ಅಲ್ಲಾಹು ನಿಮ್ಮ ಕಬರನ್ನು ತಂಪಾಗಿಡಲಿ.

ಇಂದು ಮಧ್ಯಾಹ್ನ ನೀವು ಕಟ್ಟಿದ ಮನೆ ನೋಡಲು ಸಿಂದಗಿಯಿಂದ ಸುವರ್ಣಾ ಎಂಬ ಇಂಜಿನಿಯರ್ ಬಂದಿದ್ದಳು. ಕರೆಂಟು ಕಡಿಮೆ ಬೇಡುವ ಮನೆಗಳ ನಕ್ಷೆ ಬರೆಯುತ್ತಾಳಂತೆ. ಹೊರಗೆ ಬಿಸಿಗಾಳಿ ಮಣ್ಣು ಎರಚುತ್ತಿತ್ತು. ನಾನು ಫ್ಯಾನಿಲ್ಲದೆ ಆಗಷ್ಟೇ ನಮಾಜು ಮುಗಿಸಿದ್ದೆ.

ಅವಳು ಪಶ್ಚಿಮದ ದಪ್ಪ ಗೋಡೆಗೆ ಅಂಗೈ ಒತ್ತಿ, "ಎಷ್ಟ ತಂಪೈತ್ರಿ! ಗಾಳಿ ಬಡಿಯೋ ಕಡೆ ಒಂದ ಕಿಡಕಿನೂ ಇಟ್ಟಿಲ್ಲ. ಯಾವ ಇಂಜಿನಿಯರ್ ನಕ್ಷಾ ಇದು, ಅಮ್ಮಾರ?" ಎಂದಳು.

"ಇಂಜಿನಿಯರ್ ಯಾಕ ಬೇಕವ್ವಾ? ನಮ್ಮ ಮನಿಯವರು ಗ್ವಾಡಿ ಕಟ್ಟೋ ಗೌಂಡಿ. ನಕ್ಷಾ ಅವರ ತಲಿಯೊಳಗ ಇತ್ತು," ಎಂದು ಗಟ್ಟಿಯಾಗಿಯೇ ಹೇಳಿದೆ.

ನಿಮ್ಮ ಹೆಸರು, ಊರು ಕೇಳಿ, ಶಹಾಬುದ್ದೀನ ಗೌಂಡಿ, ದೇವಣಗಾಂವ ಎಂದು ಬರೆದುಕೊಂಡಳು. ಮನೆ ಕಟ್ಟುವಾಗ ಇದೇ ಪಶ್ಚಿಮದ ಗೋಡೆಯಲ್ಲಿ ಕಾಬಾದ ಕಡೆಗೆ ಕಿಟಕಿ ಬೇಕೆಂದು ಹಟ ಹಿಡಿದು, ಎಂಟು ದಿನ ನಾನು ನಿಮ್ಮೊಡನೆ ಮಾತು ಬಿಟ್ಟಿದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ.